ಜಪಾನಿನಲ್ಲಿ ಗುಡಿಗೆ ಹೋಗುವವರಿಗೆ: ನಿಟ್ಟುವಳ್ಳಿಯ ಟೈಲರಮ್ಮ ಹೇಳುವ ನಾಲ್ಕು ಮಾತು

ಮೊದಲನೇ ಮಾತು ಚಪ್ಪಲಿದು. ಜಪಾನಿನಲ್ಲಿ ಗುಡಿಯ ಕಮಾನಿನ ಹತ್ತಿರ ಚಪ್ಪಲಿ ಬಿಡಬೇಡಿ.

ನಾನು ಬಿಟ್ಟೆ. ಮಗಳ ಬಾಣಂತನಕ್ಕೆ ಅಂತ ಕ್ಯೋಟೊಗೆ ಹೋಗಿ ಇನ್ನೂ ವಾರ ಆಗಿರಲಿಲ್ಲ. ಜುಲೈ ತಿಂಗಳು. ಮನೆಯಿಂದ ನಾಲ್ಕು ಹೆಜ್ಜೆಗೆ ಒಂದು ಸಣ್ಣ ಗುಡಿ, ಎದುರಿಗೆ ಕೆಂಪು ಕಮಾನು. ಅಭ್ಯಾಸಬಲ ನೋಡಿ, ಚಪ್ಪಲಿ ಬದಿಗೆ ಬಿಟ್ಟು, ಸೆರಗು ಹೊದ್ದು ಒಳಗೆ ನಡೆದೆ. ನೆಲದ ತುಂಬ ಜಲ್ಲಿಕಲ್ಲು. ಬೆಳಗ್ಗೆ ಹತ್ತಕ್ಕೇ ಕಾದು ರೊಟ್ಟಿ ಹೆಂಚಾಗಿತ್ತು. ಒಂದು ಕಾಲು ಎತ್ತಿ ಒಂದು ಕಾಲು ಇಡುತ್ತ ಹೇಗೋ ಕೈ ಮುಗಿದು ವಾಪಸ್ ಬಂದರೆ, ಪಕ್ಕದ ಮನೆ ಅಜ್ಜಿ ನನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಯಾರೋ ಕಳೆದುಕೊಂಡಿದ್ದಾರೆ ಅಂತ ಎತ್ತಿಕೊಂಡಿದ್ದರಂತೆ. ಅಲ್ಲಿ ಅಂಗಳದ ತುಂಬ ಚಪ್ಪಲಿ, ಶೂ ಹಾಕಿಕೊಂಡೇ ಓಡಾಡಬೇಕು. ಮರದ ನೆಲ ಇರುವ ಕಟ್ಟಡದ ಒಳಗೆ ಕಾಲಿಡುವಾಗ ಮಾತ್ರ ಬಿಡಬೇಕು. ಅಲ್ಲಿ ಇಡಲು ಕಪಾಟು ಇರುತ್ತದೆ, ಇಲ್ಲವೇ ಕೈಗೊಂದು ಕವರ್ ಕೊಡುತ್ತಾರೆ.

ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬ್ಲೌಸ್ ಹೊಲಿಯುವವಳು. ಈಗ ನಮ್ಮ ಗಿರಾಕಿಗಳಲ್ಲೇ ಇಬ್ಬರ ಮಕ್ಕಳು ಜಪಾನಿನಲ್ಲಿದ್ದಾರೆ. ಹೊರಡುವ ಮುಂಚೆ ಬಂದು ಕೇಳುತ್ತಾರೆ: ಅಲ್ಲಿ ದೇವಸ್ಥಾನಕ್ಕೆ ಹೋಗಬಹುದಾ, ಏನು ಮಾಡಬೇಕು, ಕಾಯಿ ಒಡೆಸುತ್ತಾರಾ? ಎಲ್ಲರಿಗೂ ಒಂದೊಂದು ಸಲ ಹೇಳುವ ಬದಲು ಇಲ್ಲಿ ಬರೆದಿದ್ದೇನೆ. ಕಾಯಿ ಒಡೆಸುವುದಿಲ್ಲ.

ಯಾವುದು ಯಾವುದು ಅಂತ ಗುರುತಿಸುವುದು

ಅಲ್ಲಿ ಎರಡು ತರದ ಗುಡಿ. ಒಂದು ಶಿಂಟೊ, ಅಂದರೆ ಬುದ್ಧ ಬರುವ ಮುಂಚಿನಿಂದ ಅಲ್ಲಿದ್ದ ದೇವರದ್ದು, ಅದಕ್ಕೆ ಜಿಂಜಾ ಅನ್ನುತ್ತಾರೆ. ಇನ್ನೊಂದು ಬುದ್ಧನದ್ದು, ಅದಕ್ಕೆ ತೆರಾ. ಎದುರಿಗೆ ತೊರಿಯಿ ಇದ್ದರೆ ಜಿಂಜಾ. ತೊರಿಯಿ ಅಂದರೆ ಎರಡು ಕಂಬ, ಮೇಲೆ ಎರಡು ಅಡ್ಡ ತೊಲೆ, ಬಾಗಿಲು ಇರುವುದಿಲ್ಲ. ಹೆಂಚು ಹೊದಿಸಿದ ದೊಡ್ಡ ಬಾಗಿಲು ಇದ್ದು, ಎರಡೂ ಕಡೆ ಕಣ್ಣು ಕೆಕ್ಕರಿಸಿಕೊಂಡು ದ್ವಾರಪಾಲಕರು ನಿಂತಿದ್ದರೆ ಬುದ್ಧನದ್ದು. ಊದುಬತ್ತಿ ವಾಸನೆ ಬಂದರೆ, ಪಕ್ಕದಲ್ಲಿ ಸಮಾಧಿಗಳು ಕಂಡರೆ, ಅದೂ ಬುದ್ಧನದ್ದೇ. ಹೆಸರಿನ ಬಾಲ ನೋಡಿದರೂ ಗೊತ್ತಾಗುತ್ತದೆ. ತೋದಾಯ್‌ಜಿ, ಕಿಯೊಮಿಜು‌ದೆರಾ: ಜಿ, ದೆರಾ ಅಂತ ಮುಗಿದರೆ ಬುದ್ಧ. ಫುಶಿಮಿ ಇನಾರಿ ತೈಶಾ, ಇಸೆ ಜಿಂಗೂ: ತೈಶಾ, ಜಿಂಗೂ ಅಂದರೆ ಶಿಂಟೊ.

ಗುರುತಿಸುವುದು ಯಾಕೆ ಮುಖ್ಯ ಅಂದರೆ, ಒಂದು ಕಡೆ ಚಪ್ಪಾಳೆ ತಟ್ಟಬೇಕು, ಇನ್ನೊಂದು ಕಡೆ ತಟ್ಟಬಾರದು. ನಾನು ಒಂದು ಚಿಕ್ಕ ಬುದ್ಧನ ಗುಡಿಯಲ್ಲಿ, ಹತ್ತು ಜನ ಕಣ್ಣು ಮುಚ್ಚಿ ಕೂತಿದ್ದಾಗ, ಪಟಪಟ ಅಂತ ಎರಡು ಸಲ ತಟ್ಟಿಬಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಆ ಜನ ಅನ್ನುವವರೂ ಅಲ್ಲ. ಮಗಳು ಮಾತ್ರ ಮನೆಗೆ ಬರುವವರೆಗೂ ಮಾತಾಡಲಿಲ್ಲ.

ಜಿಂಜಾದಲ್ಲಿ

ತೊರಿಯಿ ಹತ್ತಿರ ನಿಂತು ಒಂದು ಸಲ ತಲೆ ಬಾಗಿಸಿ. ದಾರಿಯ ನಟ್ಟನಡುವೆ ನಡೆಯಬೇಡಿ, ಅದು ದೇವರು ಓಡಾಡುವ ಜಾಗ. ಎಡಕ್ಕೋ ಬಲಕ್ಕೋ ಸರಿದು ಹೋಗಿ. ನಾವೂ ಪಲ್ಲಕ್ಕಿ ಬಂದಾಗ ಸರಿಯುತ್ತೇವಲ್ಲ, ಅಲ್ಲಿ ಪಲ್ಲಕ್ಕಿ ಬರದಿದ್ದಾಗಲೂ ಸರಿಯುತ್ತಾರೆ, ಅಷ್ಟೇ.

ಆಮೇಲೆ ನೀರಿನ ತೊಟ್ಟಿ ಸಿಗುತ್ತದೆ. ಉದ್ದ ಹಿಡಿಯ ಬಿದಿರಿನ ಸೌಟು ಇಟ್ಟಿರುತ್ತಾರೆ. ಇದೊಂದು ಸೌಟು ನೀರಿನಲ್ಲಿ ಎಲ್ಲ ಮುಗಿಸಬೇಕು, ಮತ್ತೆ ಮೊಗೆಯಬಾರದು. ಬಲಗೈಯಲ್ಲಿ ಸೌಟು ಹಿಡಿದು ಎಡಗೈಗೆ ಹಾಕಿಕೊಳ್ಳಿ. ಕೈ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಬಲಗೈಗೆ ಸೌಟು ತಂದು, ಎಡ ಅಂಗೈಗೆ ಸ್ವಲ್ಪ ನೀರು ಬಿಟ್ಟುಕೊಂಡು ಬಾಯಿ ಮುಕ್ಕಳಿಸಿ. ಸೌಟಿಗೆ ಬಾಯಿ ಹಚ್ಚಬಾರದು. ಉಗುಳುವುದು ತೊಟ್ಟಿಯೊಳಗಲ್ಲ, ಕೆಳಗಿನ ಕಾಲುವೆಗೆ, ಕೈ ಅಡ್ಡ ಹಿಡಿದು. ಎಡಗೈ ಇನ್ನೊಂದು ಸಲ ತೊಳೆಯಿರಿ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿ ಹಿಡಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಅದನ್ನೂ ತೊಳೆಯುತ್ತದೆ. ಮುಂದಿನವರಿಗೆ ಎಂಜಲು ಹಿಡಿ ಸಿಗಬಾರದು ಅಂತ. ಮಡಿ ಮೈಲಿಗೆ ಗೊತ್ತಿರುವ ನಮ್ಮ ಅತ್ತೆ ಬದುಕಿದ್ದರೆ ಇದನ್ನು ನೋಡಿ ಭೇಷ್ ಅನ್ನುತ್ತಿದ್ದರು. ಕೆಲವು ಕಡೆ ಸೌಟು ತೆಗೆದು ಬಿದಿರಿನ ಕೊಳವೆಯಲ್ಲಿ ನೀರು ಬಿಟ್ಟಿರುತ್ತಾರೆ. ಅಲ್ಲಿ ಸುಮ್ನೆ ಕೈ ತೊಳೆದರೆ ಸಾಕು.

ಎದುರಿಗೆ ಮರದ ಪೆಟ್ಟಿಗೆ, ಅದೇ ಹುಂಡಿ. ಚಿಲ್ಲರೆ ಹಾಕಿ. ಎಷ್ಟಾದರೂ ಆಗುತ್ತದೆ, ಆದರೆ ಐದು ಯೆನ್ ನಾಣ್ಯಕ್ಕೆ ಅಲ್ಲಿ ಬೇರೆ ಮರ್ಯಾದೆ ಇದೆ. ನಡುವೆ ತೂತು ಇರುವ ಹಳದಿ ನಾಣ್ಯ. ಐದು ಯೆನ್ ಅಂದರೆ ‘ಗೋಎನ್’. ಅದೇ ಉಚ್ಚಾರದ ಇನ್ನೊಂದು ಮಾತಿಗೆ ನಂಟು ಅಂತ ಅರ್ಥ. ಅಳಿಯ ವಿವರಿಸಲು ಹೆಣಗುತ್ತಿದ್ದ. ಋಣಾನುಬಂಧ ಅಂತ ಹೇಳಪ್ಪ, ಮುಗಿಯಿತು, ಅಂದೆ.

ಗಂಟೆ ಇದ್ದರೆ ಹಗ್ಗ ಅಲ್ಲಾಡಿಸಿ. ಎರಡು ಸಲ ಸೊಂಟ ಬಾಗಿಸಿ ನಮಸ್ಕಾರ. ಎರಡು ಚಪ್ಪಾಳೆ. ಕೈ ಜೋಡಿಸಿಕೊಂಡೇ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಿ. ಮತ್ತೆ ಒಂದು ನಮಸ್ಕಾರ. ಇಜುಮೊ ಅನ್ನುವಂಥ ಕೆಲವೇ ಕಡೆ ನಾಲ್ಕು ಚಪ್ಪಾಳೆ, ಮಿಕ್ಕ ಕಡೆ ಎರಡೇ.

ಈಗ ಮುಖ್ಯ ವಿಷಯ: ದೇವರು ಕಾಣುವುದಿಲ್ಲ. ನನಗೆ ತಡೆದುಕೊಳ್ಳಲು ಕಷ್ಟವಾಗಿದ್ದು ಇದೇ. ಕತ್ತು ಉದ್ದ ಮಾಡಿ ನೋಡಿದೆ, ಪಕ್ಕಕ್ಕೆ ಹೋಗಿ ಸಂದಿಯಲ್ಲಿ ಇಣುಕಿದೆ. ಒಂದು ಕನ್ನಡಿ, ಬಿಳಿ ಕಾಗದದ ಪಟ್ಟಿಗಳು, ಆಚೆ ಮುಚ್ಚಿದ ಬಾಗಿಲು. ಒಳಗಿರುವ ವಸ್ತು ಕನ್ನಡಿಯೋ ಕತ್ತಿಯೋ ಕಲ್ಲೋ, ಅದನ್ನು ಯಾರಿಗೂ ತೋರಿಸುವುದಿಲ್ಲ. ನಮಗೆ ದರ್ಶನ ಆಗದಿದ್ದರೆ ಗುಡಿಗೆ ಹೋದ ಹಾಗೇ ಅಲ್ಲ, ಅಲ್ವಾ? ಮಂಗಳಾರತಿಯೂ ಇಲ್ಲ, ತೀರ್ಥವೂ ಇಲ್ಲ. ಎರಡು ವಾರ ನನಗೆ ಉಪ್ಪಿಲ್ಲದ ಸಾರು ಉಂಡ ಹಾಗಿತ್ತು. ಆಮೇಲೆ ಕಣ್ಣು ಬೇರೆ ಕಡೆ ಹೋಯಿತು. ಅಂಗಳದಲ್ಲಿ ಒಂದು ದೊಡ್ಡ ಮರ, ಅದರ ಸೊಂಟಕ್ಕೆ ಹುಲ್ಲಿನ ದಪ್ಪ ಹುರಿ, ಹುರಿಯಿಂದ ಅಂಕುಡೊಂಕಾಗಿ ಕತ್ತರಿಸಿದ ಬಿಳಿ ಕಾಗದ. ಆ ಮರವೇ ದೇವರು. ನಮ್ಮ ಅಶ್ವತ್ಥಕಟ್ಟೆಗೆ ನೂಲು ಸುತ್ತಿದ ಹಾಗೆ. ಆ ಕಾಗದ ಒಂದೇ ತುಂಡು, ನಡುವೆ ಕತ್ತರಿಸಿ ಮಡಿಸಿದ್ದು, ಎಲ್ಲೂ ಅಂಟು ಹಾಕಿಲ್ಲ. ಮನೆಗೆ ಬಂದು ನ್ಯೂಸ್ ಪೇಪರಿನಲ್ಲಿ ಮಾಡಿ ನೋಡಿದೆ, ಮೂರನೇ ಸಲಕ್ಕೆ ಬಂತು.

ಫುಶಿಮಿ ಇನಾರಿಗೆ ಹೇಗೂ ಹೋಗುತ್ತೀರಿ, ಬೆಟ್ಟದ ತುಂಬ ಸಾವಿರಾರು ಕೆಂಪು ತೊರಿಯಿ. ಎಲ್ಲರೂ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನೀವು ನಾಲ್ಕು ಹೆಜ್ಜೆ ದಾಟಿ ತಿರುಗಿ ನೋಡಿ. ಹಿಂದಿನ ಕಡೆ ಕೊಟ್ಟವರ ಹೆಸರು, ಕಂಪನಿ, ತಾರೀಖು ಕರಿ ಅಕ್ಷರದಲ್ಲಿ ಬರೆಸಿರುತ್ತಾರೆ. ನಮ್ಮಲ್ಲಿ ಗುಡಿಗೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ಬೆಳಕೇ ಬರದ ಹಾಗೆ ಹೆಸರು ಬರೆಸುವವರು ನೆನಪಾದರು. ಇನಾರಿ ಭತ್ತದ ದೇವರು, ವ್ಯಾಪಾರದವರಿಗೂ ಬೇಕು. ನರಿ ಆ ದೇವರ ದೂತ.

ಬುದ್ಧನ ಗುಡಿಯಲ್ಲಿ

ಇಲ್ಲಿ ನಮಗೆ ಸಲೀಸು. ಹೊಸಿಲು ತುಳಿಯಬೇಡಿ, ದಾಟಿ ಹೋಗಿ. ಊದುಬತ್ತಿ ಹಚ್ಚಿದರೆ ಬಾಯಲ್ಲಿ ಊದಿ ಆರಿಸಬೇಡಿ, ಕೈಯಲ್ಲಿ ಬೀಸಿ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡ ಗುಡಿಗಳ ಮುಂದೆ ಹೊಗೆಯ ಕೊಪ್ಪರಿಗೆ ಇರುತ್ತದೆ, ನೋವಿರುವ ಕಡೆಗೆ ಹೊಗೆ ಎಳೆದುಕೊಳ್ಳುತ್ತಾರೆ. ನಾನು ಮಂಡಿಗೆ ಎಳೆದುಕೊಂಡೆ. ಕಾಸು ಹಾಕಿ, ಸದ್ದಿಲ್ಲದೆ ಕೈ ಜೋಡಿಸಿ, ತಲೆ ಬಾಗಿಸಿ. ಇಲ್ಲಿ ಬಹಳ ಕಡೆ ವಿಗ್ರಹ ಕಾಣುತ್ತದೆ. ನಾರಾ ಊರಿನ ತೋದಾಯ್‌ಜಿಯಲ್ಲಿ ಕೂತಿರುವ ಕಂಚಿನ ಬುದ್ಧ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಅದಕ್ಕೆ ಕಣ್ಣು ಬರೆದು ಪ್ರತಿಷ್ಠೆ ಮಾಡಿದವರು ಬೋಧಿಸೇನ ಅನ್ನುವ ಭಾರತದ ಭಿಕ್ಷು. ಕುಂಚಕ್ಕೆ ಉದ್ದ ದಾರ ಕಟ್ಟಿ ಜನರೆಲ್ಲ ಅದನ್ನು ಹಿಡಿದುಕೊಂಡಿದ್ದರಂತೆ. ಆ ದಾರ ಇನ್ನೂ ನಾರಾದ ಭಂಡಾರದಲ್ಲಿ ಇದೆ ಅಂತ ಅಳಿಯ ಹೇಳಿದ ಮೇಲೆ, ನಾನು ಬುದ್ಧನಿಗಿಂತ ಜಾಸ್ತಿ ಆ ದಾರದ ಬಗ್ಗೆಯೇ ಯೋಚಿಸಿದೆ.

ಸ್ವಲ್ಪ ಹುಡುಕಿದರೆ ನಮ್ಮವರು ಬಹಳ ಜನ ಸಿಗುತ್ತಾರೆ. ವೀಣೆಯಂಥದ್ದನ್ನು ಹಿಡಿದು ನೀರಿನ ಪಕ್ಕ ಇರುವ ಬೆಂಜೈತೆನ್ ನಮ್ಮ ಸರಸ್ವತಿ. ಕಿಚಿಜೋತೆನ್ ಲಕ್ಷ್ಮಿ. ಎಮ್ಮಾ ಅಂದರೆ ಯಮ. ಗೋಮಾ ಅಂತ ಬೆಂಕಿ ಹಾಕಿ ಮಾಡುವುದು ನಮ್ಮ ಹೋಮವೇ. ಸಮಾಧಿಗಳ ಹಿಂದೆ ನಿಲ್ಲಿಸಿದ ಉದ್ದನೆಯ ಮರದ ಪಟ್ಟಿಗಳಲ್ಲಿ ಸಂಸ್ಕೃತದ ಬೀಜಾಕ್ಷರ ಬರೆದಿರುತ್ತಾರೆ.

ನಿಮ್ಮದು ಯಾವ ಧರ್ಮ ಅಂತ ಕೇಳಬೇಡಿ

ನಾನು ಅಜ್ಜಿಯನ್ನು ಮೊಬೈಲಿನ ಅನುವಾದದಲ್ಲಿ ಕೇಳಿದೆ: ನೀವು ಶಿಂಟೊನಾ, ಬೌದ್ಧರಾ? ಅವರು ಬಹಳ ಹೊತ್ತು ಯೋಚಿಸಿ ‘ಇಲ್ಲ’ ಅಂದರು. ಅಜ್ಜಿ ದಿನಾ ಎರಡು ದೇವರಿಗೆ ನೀರಿಡುವವರು! ಜಪಾನ್ ಸರ್ಕಾರದ ಲೆಕ್ಕದಲ್ಲಿ ಶಿಂಟೊದವರನ್ನೂ ಬೌದ್ಧರನ್ನೂ ಕೂಡಿಸಿದರೆ ದೇಶದ ಜನಸಂಖ್ಯೆಗಿಂತ ಜಾಸ್ತಿ ಆಗುತ್ತದೆ. ಒಬ್ಬರೇ ಎರಡೂ ಕಡೆ ಲೆಕ್ಕಕ್ಕೆ ಸಿಗುತ್ತಾರೆ. ಅವರ ರೂಢಿ ಹೀಗೆ: ಕೂಸು ಹುಟ್ಟಿದರೆ, ಪರೀಕ್ಷೆ, ಅಂಗಡಿ, ಹೊಸ ಕಾರು ಅಂದರೆ ಜಿಂಜಾ. ಸತ್ತವರ ವಿಷಯ ಪೂರ್ತಿ ಬುದ್ಧನ ಪಾಲು. ಮದುವೆಗೆ ಎಷ್ಟೋ ಜನ ಚರ್ಚಿನ ತರದ ಹಾಲ್ ಹಿಡಿಯುತ್ತಾರೆ, ಕ್ರೈಸ್ತರಲ್ಲದಿದ್ದರೂ. ಡಿಸೆಂಬರ್ 31ರ ರಾತ್ರಿ ಬುದ್ಧನ ಗುಡಿಯಲ್ಲಿ 108 ಗಂಟೆ ಹೊಡೆಯುವುದನ್ನು ಕೇಳಿ, ಬೆಳಗಾದರೆ ಹೊಸ ವರ್ಷಕ್ಕೆ ಜಿಂಜಾದಲ್ಲಿ ಸಾಲು ನಿಲ್ಲುತ್ತಾರೆ.

ಇದು ವಿಚಿತ್ರ ಅನ್ನಿಸಿದರೆ ನಮ್ಮ ಮನೆ ನೋಡಿಕೊಳ್ಳಿ. ಬೆಳಗ್ಗೆ ಲಿಂಗಪೂಜೆ, ಸೋಮವಾರ ಮಠ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಹೊಸ ಸೀರೆ. ಹರಿಹರ ಅಂತೂ ಪಕ್ಕದಲ್ಲೇ ಇದೆ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ, ಒಂದೇ ಮೈಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಜಪಾನಿನವರೂ ಸಾವಿರ ವರ್ಷಕ್ಕಿಂತ ಜಾಸ್ತಿ ಹಾಗೇ ಇದ್ದರು. ಬುದ್ಧ ಕೊರಿಯಾ ಕಡೆಯಿಂದ ಅಲ್ಲಿಗೆ ಬಂದಿದ್ದು 6ನೇ ಶತಮಾನದ ನಡುವೆ. ನಮ್ಮ ಮೊಳಕಾಲ್ಮುರು ಹತ್ತಿರದ ಬ್ರಹ್ಮಗಿರಿ ಬಂಡೆ ಮೇಲೆ ಅಶೋಕ ತಾನು ಉಪಾಸಕನಾದೆ ಅಂತ ಬರೆಸಿ ಆಗಲೇ 800 ವರ್ಷ ಆಗಿತ್ತು. ಬಂದ ಬುದ್ಧ ಅಲ್ಲಿನ ದೇವರುಗಳನ್ನು ಓಡಿಸಲಿಲ್ಲ. ಕಾಮಿ, ಅಂದರೆ ಆ ಶಿಂಟೊ ದೇವರು, ಬುದ್ಧನ ಇನ್ನೊಂದು ರೂಪ ಅಂದರು, ಒಂದೇ ಪೌಳಿಯಲ್ಲಿ ಎರಡೂ ಗುಡಿ ಕಟ್ಟಿದರು. ಆಮೇಲೆ ದೇಶ ಆಳುತ್ತಿದ್ದ ಸೇನಾಪತಿಗಳಾದ ತೊಕುಗಾವಾ ಶೋಗುನ್‌ಗಳ ಕಾಲದಲ್ಲಿ ಕ್ರೈಸ್ತರನ್ನು ತಡೆಯಲು ಪ್ರತಿ ಮನೆಯೂ ಒಂದು ಬುದ್ಧನ ಗುಡಿಯಲ್ಲಿ ಹೆಸರು ಬರೆಸಬೇಕು ಅಂತ ಮಾಡಿದರು. ತಿಥಿ, ಸಮಾಧಿ ಎಲ್ಲ ಆ ಗುಡಿಗೇ ಅಂಟಿಕೊಂಡಿದ್ದು ಹಾಗೆ. 1868ರಲ್ಲಿ ಮೇಜಿ ಸರ್ಕಾರ ಬಂದು ಶಿಂಟೊ ಬೇರೆ, ಬುದ್ಧ ಬೇರೆ ಅಂತ ಅಪ್ಪಣೆ ಮಾಡಿತು. ಎಷ್ಟೋ ಕಡೆ ಬುದ್ಧನ ವಿಗ್ರಹ ಒಡೆದರು. ನಾರಾದ ಕೋಫುಕುಜಿಯ ಭಿಕ್ಷುಗಳು ರಾತ್ರೋರಾತ್ರಿ ಪಕ್ಕದ ಕಸುಗಾ ಜಿಂಜಾದ ಪೂಜಾರಿಗಳಾದರು. ಪೌಳಿಯ ನಡುವೆ ಗೋಡೆ ಎದ್ದಿತು. ಅಜ್ಜಿಯ ಅಡುಗೆಮನೆಯಲ್ಲಿ ಏಳಲಿಲ್ಲ.

ಅವರ ಮನೆಗೆ ಹೋದರೆ

ಅಜ್ಜಿಯ ಮನೆಯಲ್ಲಿ ಎತ್ತರದಲ್ಲಿ ಒಂದು ಸಣ್ಣ ಮರದ ಗೂಡು, ಕಾಮಿದಾನಾ. ಅಕ್ಕಿ, ಉಪ್ಪು, ನೀರು, ಎರಡು ಹಸಿರು ಟೊಂಗೆ. ಅದರ ಮೇಲಿನ ಸೂರಿಗೆ ‘ಮೋಡ’ ಅನ್ನುವ ಅಕ್ಷರ ಬರೆದ ಚೀಟಿ ಅಂಟಿಸಿದ್ದರು. ಮಹಡಿ ಮೇಲೆ ಜನ ಓಡಾಡುತ್ತಾರಲ್ಲ, ದೇವರ ತಲೆ ಮೇಲೆ ಕಾಲಿಟ್ಟ ಹಾಗೆ ಆಗಬಾರದು. ಮೇಲೆ ಇರುವುದು ಮಹಡಿಯಲ್ಲ, ಮೋಡ ಅಂತ ದೇವರಿಗೆ ಸಮಾಧಾನ!

ಕೋಣೆಯಲ್ಲಿ ಕರಿ ಬಣ್ಣದ ಬೀರು, ಅದು ಬುತ್ಸುದಾನ್. ಒಳಗೆ ಬುದ್ಧ, ತೀರಿಕೊಂಡ ಯಜಮಾನರ ಹೆಸರಿನ ಫಲಕ. ಆ ಹೆಸರು ಬದುಕಿದ್ದಾಗಿನದ್ದಲ್ಲ, ಸತ್ತ ಮೇಲೆ ಗುಡಿಯವರು ಇಟ್ಟಿದ್ದು. ಕುಕ್ಕರಿನಿಂದ ಮೊದಲ ತುತ್ತು ಅನ್ನ ತೆಗೆದು ಪುಟ್ಟ ಬಟ್ಟಲಲ್ಲಿ ಇಡುತ್ತಾರೆ. ನೀವು ಹೋದಾಗ ಅದರ ಮುಂದೆ ಕೂತು, ಸಣ್ಣ ಗಂಟೆ ಒಂದು ಸಲ ಬಾರಿಸಿ, ಕೈ ಮುಗಿದರೆ ಮನೆಯವರಿಗೆ ಬಹಳ ಸಂತೋಷ. ಒಯ್ದ ಸಿಹಿಯನ್ನು ಮೊದಲು ಅಲ್ಲೇ ಇಡುತ್ತಾರೆ. ನನ್ನ ಅಂಟಿನುಂಡೆ ಅವರ ಯಜಮಾನರ ಮುಂದೆ ಎರಡು ದಿನ ಕೂತಿತ್ತು.

ಊಟಕ್ಕೆ ಕೂತಾಗ ಎರಡು ಜಾಗ್ರತೆ. ಅನ್ನದಲ್ಲಿ ಊಟ ಮಾಡುವ ಕಡ್ಡಿ ನೆಟ್ಟಗೆ ಚುಚ್ಚಬೇಡಿ, ಅದು ಸತ್ತವರಿಗೆ ಇಡುವ ಎಡೆ. ನಿಮ್ಮ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿಂಡಿ ದಾಟಿಸಬೇಡಿ. ಹೆಣ ಸುಟ್ಟ ಮೇಲೆ ಮೂಳೆ ಆರಿಸುವುದು ಹಾಗೆ. ನಾವು ಶಾಕಾಹಾರಿಗಳಿಗೆ ಇನ್ನೊಂದು: ತರಕಾರಿ ಸಾರು ಅಂದರೂ ಮೀನಿನ ನೀರು ಇರುತ್ತದೆ. ಬುದ್ಧನ ಗುಡಿಯ ಶೋಜಿನ್ ಊಟ ಕೇಳಿ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ.

ಆಗಸ್ಟ್ 13ರಿಂದ 16ರವರೆಗೆ ಓಬೋನ್, ಹಿರಿಯರು ಮನೆಗೆ ಬರುವ ದಿನ. ಅಜ್ಜಿ ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ ಮಾಡಿದರು, ಬದನೆಕಾಯಿಗೆ ಚುಚ್ಚಿ ಹಸು ಮಾಡಿದರು. ಬರುವಾಗ ಬೇಗ ಬರಲಿ ಅಂತ ಕುದುರೆ, ಹೋಗುವಾಗ ನಿಧಾನ ಹೋಗಲಿ ಅಂತ ಹಸು. ನಾವು ಮಾರ್ನಮಿ ಅಮಾಸೆಗೆ ಎಡೆ ಜೊತೆ ಹೊಸ ಬಟ್ಟೆ ಇಡುತ್ತೇವೆ. ಹಿರಿಯರು ಹೇಗೆ ಬರುತ್ತಾರೆ ಅಂತ ಯೋಚನೆ ಮಾಡಿದ್ದೇ ಇಲ್ಲ ನೋಡಿ. 16ರ ರಾತ್ರಿ ಕ್ಯೋಟೊ ಸುತ್ತ ಐದು ಬೆಟ್ಟದ ಮೇಲೆ ಬೆಂಕಿ ಹಚ್ಚಿ ಕಳಿಸಿಕೊಡುತ್ತಾರೆ.

ಸಾವಿನ ಮನೆಗೆ ಹೋಗಬೇಕಾಗಿ ಬಂದರೆ ಕರಿ ಬಟ್ಟೆ, ಹಣ ಕವರಿನಲ್ಲಿ. ಗರಿಗರಿ ನೋಟು ಹಾಕಬೇಡಿ, ಸಾವಿಗೆ ಕಾದು ಬ್ಯಾಂಕಿಗೆ ಹೋಗಿದ್ದ ಹಾಗೆ ಕಾಣುತ್ತದೆ. ಧೂಪದ ಪುಡಿ ಚಿಟಿಕೆ ತೆಗೆದು ಕೆಂಡಕ್ಕೆ ಹಾಕಬೇಕು. ಎಷ್ಟು ಸಲ ಅನ್ನುವುದು ಪಂಥಕ್ಕೊಂದು ತರ, ಮುಂದಿನವರು ಮಾಡಿದಷ್ಟು ಮಾಡಿ. ಬರುವಾಗ ಉಪ್ಪಿನ ಪೊಟ್ಟಣ ಕೊಟ್ಟರೆ, ಮನೆ ಬಾಗಿಲಲ್ಲಿ ಮೈಮೇಲೆ ಚಿಮುಕಿಸಿಕೊಂಡು ಒಳಗೆ ಹೋಗಿ. ಸೂತಕದ ಮನೆಯವರು ಸುಮಾರು 50 ದಿನ ಜಿಂಜಾಕ್ಕೆ ಹೋಗುವುದಿಲ್ಲ, ಕಾಮಿದಾನಾದ ಮುಂದೆ ಬಿಳಿ ಕಾಗದ ಕಟ್ಟುತ್ತಾರೆ.

ಕೂಸನ್ನು ಗುಡಿಗೆ ಕರೆದೊಯ್ಯುವುದು

ತಿಂಗಳು ತುಂಬಿದ ಮೇಲೆ ಕೂಸನ್ನು ಜಿಂಜಾಕ್ಕೆ ಕರೆದೊಯ್ಯುವುದಕ್ಕೆ ಮಿಯಾಮೈರಿ ಅನ್ನುತ್ತಾರೆ. ಬಿಸಿಲು ಜಾಸ್ತಿ ಅಂತ ನಾವು ಸೆಪ್ಟೆಂಬರಿಗೆ ಹಾಕಿದೆವು, ಹಾಗೆ ಮುಂದೂಡಬಹುದು. ಮೊದಲೇ ಫೋನ್ ಮಾಡಿ ಹೊತ್ತು ಗೊತ್ತು ಮಾಡಿ, ದಕ್ಷಿಣೆ ಎಷ್ಟು ಅಂತಲೂ ಕೇಳಿಬಿಡಿ. ಸಾಮಾನ್ಯವಾಗಿ 5,000ದಿಂದ 10,000 ಯೆನ್. ಇದಕ್ಕೆ ಹೊಸ ನೋಟು. ಕೂಸನ್ನು ಎತ್ತಿಕೊಳ್ಳುವುದು ಅಪ್ಪನ ತಾಯಿ ಅಂತ ರೂಢಿ. ನಮ್ಮ ಬೀಗಿತ್ತಿ ಚಿತ್ರದುರ್ಗದಲ್ಲಿ. ಅಂಗಳದಲ್ಲಿ ವಿಡಿಯೊ ಕಾಲ್ ಹಚ್ಚಿ ಅವರಿಗೆ ತೋರಿಸಿ, ಒಳಗೆ ನಾನು ಎತ್ತಿಕೊಂಡೆ. ಅಜ್ಜಿ ಲಿಪ್‌ಸ್ಟಿಕ್ ತಂದು ಮೊಮ್ಮಗಳ ಹಣೆಗೆ ‘ಚಿಕ್ಕದು’ ಅನ್ನುವ ಅಕ್ಷರ ಬರೆದರು. ಆ ಕಡೆ ಹೆಣ್ಣುಕೂಸಿಗೆ ಹಾಗೆ, ಗಂಡಾದರೆ ‘ದೊಡ್ಡದು’. ನಾನು ಆಗಲೇ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಿದ್ದೆ. ಎರಡೂ ಇರಲಿ ಅಂತ ಬಿಟ್ಟೆವು. ಪೂಜಾರಿ ಕಾಗದದ ಪಟ್ಟಿಗಳ ಕೋಲನ್ನು ತಲೆ ಮೇಲೆ ಬೀಸಿ, ಹಳೇ ಜಪಾನಿಯಲ್ಲಿ ರಾಗವಾಗಿ ಓದಿದರು. ನಡುವೆ ಮನೆ ವಿಳಾಸ ಬಂತು, ಕೂಸಿನ ಹೆಸರು ಬಂತು. ಅರ್ಚನೆ ಚೀಟಿ ಓದಿದ ಹಾಗೇ.

ಜಿಜೋಗೆ ಕೆಂಪು ಬಟ್ಟೆ

ಬೀದಿ ಮೂಲೆಗಳಲ್ಲಿ ಮೊಣಕಾಲೆತ್ತರದ ಕಲ್ಲಿನ ಬೋಳುತಲೆ ವಿಗ್ರಹ ಕಾಣುತ್ತದೆ, ಕುತ್ತಿಗೆಗೆ ಕೂಸುಗಳಿಗೆ ಕಟ್ಟುವಂಥ ಕೆಂಪು ಎದೆಬಟ್ಟೆ. ಅವನು ಜಿಜೋ, ನಮ್ಮ ಹಳೇ ಹೆಸರಿನಲ್ಲಿ ಕ್ಷಿತಿಗರ್ಭ. ಮಕ್ಕಳನ್ನು ಕಾಯುವವನು. ಹುಟ್ಟುವ ಮುಂಚೆ, ಹುಟ್ಟಿದ ಕೂಡಲೇ ಹೋದ ಕೂಸುಗಳೂ ಅವನ ಮಡಿಲಿಗೆ. ಕ್ಯೋಟೊ ಕಡೆ ಆಗಸ್ಟ್ 24ರ ಆಸುಪಾಸಿಗೆ ಬೀದಿಯವರು ಸೇರಿ ಅವನ ಹಬ್ಬ ಮಾಡುತ್ತಾರೆ. ವಿಗ್ರಹ ತೊಳೆದು, ಹೊಸ ಬಟ್ಟೆ ಕಟ್ಟಿ, ಮಕ್ಕಳನ್ನು ಸುತ್ತ ಕೂರಿಸಿ ಒಂದು ದೊಡ್ಡ ಜಪಮಾಲೆ ಕೈಯಿಂದ ಕೈಗೆ ತಿರುಗಿಸುತ್ತಾರೆ. ನಮ್ಮ ಬೀದಿಯ ಬಟ್ಟೆ ಹೊಲಿಯುವುದು ಅಜ್ಜಿಯ ಕೆಲಸ. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ ಅಂತ ನನ್ನ ಹತ್ತಿರ ಬಂದರು.

ನನ್ನ ಮೊದಲ ಕೂಸು ಉಳಿಯಲಿಲ್ಲ. ಮೂವತ್ತೊಂದು ವರ್ಷ ಆಯಿತು. ಅದನ್ನು ಅಜ್ಜಿಗೆ ಹೇಳಲಿಲ್ಲ. ಎರಡು ಬಟ್ಟೆ ಹೊಲಿದೆ, ಒಂದು ಬೀದಿಯ ಲೆಕ್ಕಕ್ಕೆ, ಒಂದು ನನ್ನದು.

ನೀವೂ ಹೊಲಿಯುವುದಾದರೆ ಬೀದಿಯವರನ್ನು ಕೇಳಿಯೇ ಕಟ್ಟಿ. ಕೆಂಪು ಕಾಟನ್ ಕಾಲು ಮೀಟರ್ ಸಾಕು. ಒಂದು ಸಲ ನೀರಿಗೆ ಹಾಕಿ ಒಣಗಿಸಿ, ಇಲ್ಲದಿದ್ದರೆ ಮೊದಲ ಮಳೆಗೆ ಕುಗ್ಗುತ್ತದೆ. ಕುತ್ತಿಗೆ ಸುತ್ತಳತೆಗೆ ಎರಡು ಬೆರಳು ಬಿಟ್ಟು ಕತ್ತರಿಸಿ. ಕೂಸಿನ ಅಳತೆಯಲ್ಲಿ ಕತ್ತರಿಸಬೇಡಿ, ಕಲ್ಲಿನ ಕುತ್ತಿಗೆ ದಪ್ಪ, ನನ್ನ ಮೊದಲನೆಯದು ಹಿಡಿಸಲೇ ಇಲ್ಲ. ಅಂಚಿಗೆ ಕ್ರಾಸ್ ಪಟ್ಟಿ ಕೊಡಿ. ಲಾಡಿ ಒಂದೊಂದು ಗೇಣು ಉದ್ದ ಇರಲಿ, ಹಿಂದೆ ಗಂಟು ಹಾಕಲು ಕೈ ಆಡಬೇಕು. ಒಳಗಡೆ ಏನಾದರೂ ಬರೆಯುವುದಿದ್ದರೆ ಹೊಲಿಯುವ ಮುಂಚೆಯೇ ಬರೆಯಿರಿ.

ಹೋದ ವಾರ ಮಗಳು ಫೋಟೊ ಕಳಿಸಿದ್ದಳು. ಬಿಸಿಲಿಗೆ ಬಣ್ಣ ಪೂರ್ತಿ ಹೋಗಿ ಗುಲಾಬಿ ಆಗಿದೆ. ಈ ಆಗಸ್ಟಿಗೆ ಬದಲಿಸಬೇಕು. ಎರಡು ಹೊಲಿದು ಪಾರ್ಸೆಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ, ಚಟ್ನಿಪುಡಿ ಪೊಟ್ಟಣದ ಪಕ್ಕ, ಎಣ್ಣೆ ಹತ್ತದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ.